ಕರಿಮಣ್ಣಿನ ಜೀಪು

ಹಳೆಯದನ್ನೆಲ್ಲ ಮರೆತುಬಿಡಬೇಕು ಎಂದು ಉಪದೇಶ ಮಾಡುವವರಿಗೆ ಯಾರೂ ಸರಿಯಾಗಿ ಟೋಪಿ ಹಾಕಿರುವುದಿಲ್ಲ. ನನಗೆ ಹಾಕಿದ್ದಾರೆ. ಒಂದು ಹಳೆಯ ಡೀಸೆಲ್ ಜೀಪಿನ ನೆಪದಲ್ಲಿ, ಹಾಡಹಗಲಲ್ಲಿ, ಹತ್ತು ಜನರ ಮುಂದೆ ಹಾಕಿದರು. ನಾನು ಮರೆತಿಲ್ಲ, ಮರೆಯುವ ಇರಾದೆಯೂ ಇಲ್ಲ.

ಕಡ್ಡಿರಾಂಪುರದ ರಸ್ತೆ ಬದಿಗೆ ನಮ್ಮ ಮನೆ. ಹಿಂಭಾಗದ ಕೋಣೆಗಳನ್ನು ಹಂಪಿ ನೋಡಲು ಬರುವವರಿಗೆ ಬಾಡಿಗೆಗೆ ಕೊಡುತ್ತಿದ್ದೆವು. ಅಡುಗೆ ನನ್ನ ಗಂಡನದು. ಕೈಯಲ್ಲಿ ರುಚಿ ಇರುವ ಮನುಷ್ಯ, ಬಾಯಲ್ಲಿ ಮಾತ್ರ ಸದಾ ಒಂದೇ ಮಾತು: ‘ಹೋಗ್ಲಿ ಬಿಡು.’ ಹಾಲಿನವನು ನೀರು ಬೆರೆಸಿದರೂ ಹೋಗ್ಲಿ ಬಿಡು, ಪಕ್ಕದವರು ನಮ್ಮ ಗಿರಾಕಿಯನ್ನು ಕರೆದುಕೊಂಡು ಹೋದರೂ ಹೋಗ್ಲಿ ಬಿಡು. ಹೀಗಾಗಿ ಚೌಕಾಸಿ ಮತ್ತು ಜಗಳ ಎರಡೂ ಖಾತೆ ನನ್ನ ಕೈಯಲ್ಲಿದ್ದವು.

ಚಳಿಗಾಲ ಮುಗಿದರೆ ನಮ್ಮ ಕೋಣೆಗಳು ಖಾಲಿ ಬೀಳುತ್ತಿದ್ದವು. ಮಳೆಗಾಲದಲ್ಲಿ ಬರುವ ನಾಲ್ಕು ಜನರೂ ಸಂಡೂರಿನ ಹಸಿರು ಗುಡ್ಡ ನೋಡಬೇಕು, ಅಲ್ಲೇ ಡೇರೆ ಹಾಕಿ ಮಲಗಬೇಕು ಅನ್ನುವವರು. ಆದರೆ ಅದಿರಿನ ಲಾರಿಗಳು ಆ ರಸ್ತೆಯನ್ನು ತಿಂದು ತೇಗಿದ್ದವು. ಬಾಡಿಗೆ ಕಾರಿನವರು ಆ ಕಡೆ ಮುಖ ಹಾಕುತ್ತಿರಲಿಲ್ಲ. ನಾಲ್ಕೂ ಗಾಲಿ ಎಳೆಯುವ ಒಂದು ಹಳೆಯ ಜೀಪು ಸಿಕ್ಕರೆ, ಹಿಂದೆ ಸಣ್ಣ ಟ್ರಾಲಿ ಕಟ್ಟಿ, ಅದರಲ್ಲಿ ಡೇರೆ, ಗ್ಯಾಸ್ ಒಲೆ, ಪಾತ್ರೆ ಹೇರಿಕೊಂಡು ನಾವೇ ಹೋಗಬಹುದಿತ್ತು. ಗುಂಡಿಗೆ ಬಿದ್ದ ಕಾರುಗಳನ್ನು ಎಳೆಯುವ ಕೆಲಸವಂತೂ ದಿನಾ ಸಿಗುತ್ತಿತ್ತು. ಗಾಡಿ ನಡೆದರೆ ವರ್ಷದ ಉಳಿದ ತಿಂಗಳೂ ನಮ್ಮ ಮನೆ ನಡೆಯುತ್ತಿತ್ತು. ಇಲ್ಲದಿದ್ದರೆ ಕೋಣೆಗಳಿಗೆ ಬೀಗ ಹಾಕಿ ಇನ್ನೊಬ್ಬರ ಹೋಟೆಲಿನಲ್ಲಿ ಚಪಾತಿ ಲಟ್ಟಿಸುವುದೇ ನನಗೆ ಉಳಿದಿತ್ತು.

ಆಗ ಹೊಸಪೇಟೆಯಲ್ಲಿ ಹಳೆ ಜೀಪುಗಳಿಗೆ ಬರ ಇರಲಿಲ್ಲ. ಗಣಿಯವರು ಹಿಂಡಿ ಹಿಪ್ಪೆ ಮಾಡಿ ಮಾರಿದ ಗಾಡಿಗಳು ಸಂಡೂರು ರಸ್ತೆಯ ಅಡ್ಡಾಗಳಲ್ಲಿ ಹೊಸ ಬಣ್ಣ ಹೊಡೆಸಿಕೊಂಡು ಮದುಮಗಳಂತೆ ನಿಂತಿರುತ್ತಿದ್ದವು. ಅದಕ್ಕೇ ನಮ್ಮ ಕಡೆ ಹಳೆ ಗಾಡಿಗಳಲ್ಲಿ ಎರಡೇ ಜಾತಿ. ಗಣಿಯಲ್ಲಿ ದುಡಿದದ್ದು ‘ಮೈನ್ಸ್ ಗಾಡಿ’, ಅದರ ಹತ್ತಿರ ಸುಳಿಯಬಾರದು. ಮನೆತನದವರು, ರೈತರು ಇಟ್ಟುಕೊಂಡದ್ದು ‘ಮನಿ ಗಾಡಿ’. ಗುರುತು ಹಿಡಿಯುವ ರೀತಿ ಎಲ್ಲರಿಗೂ ಗೊತ್ತಿತ್ತು. ಕಾಲಡಿಯ ಮ್ಯಾಟು ಎತ್ತಬೇಕು, ಬಾಗಿಲ ಸಂದಿಗೆ ಬೆರಳು ಹಾಕಬೇಕು, ಗಾಡಿಯ ಅಡಿಗೆ ಮೆತ್ತಿಕೊಂಡದ್ದನ್ನು ಕೆರೆದು ನೋಡಬೇಕು. ಬೆರಳಿಗೆ ಕೆಂಪು ಹತ್ತಿದರೆ ಎದ್ದು ನಡೆಯಬೇಕು. ಬೇರೆ ಊರಿನವರು ಗಾಡಿ ಓಡಿಸಿ ನೋಡಿ ಕೊಳ್ಳುತ್ತಾರಂತೆ. ನಾವು ಮಣ್ಣು ನೋಡಿ ಕೊಳ್ಳುತ್ತಿದ್ದೆವು.

ದಲ್ಲಾಳಿ ನನ್ನ ಗಂಡನಿಗೆ ದೂರದ ಸಂಬಂಧಿ. ಹಣೆಗೆ ಮೂರು ಬೆರಳಿನ ವಿಭೂತಿ, ಕೈಗೆ ಬಂಗಾರದ ಕಡಗ, ಮಾತಿಗೆ ಬೆಲ್ಲ. ಹಸಿರು ಬಣ್ಣದ ಒಂದು ಜೀಪು ತೋರಿಸಿ, ಮನಿ ಗಾಡಿ, ಕಂಪ್ಲಿ ಕಡೆಯ ರೈತರದು, ಗದ್ದೆ ಬಿಟ್ಟು ಬೇರೆ ಕಂಡಿಲ್ಲ ಎಂದ. ನಾನು ಯಾರ ಮಾತನ್ನೂ ನಂಬುವವಳಲ್ಲ. ಆ ಕಡೆಯೇ ಇರುವ ನನ್ನ ತವರು ಬುಕ್ಕಸಾಗರದಿಂದ ನಮ್ಮಣ್ಣನನ್ನು ಕರೆಸಿಕೊಂಡಿದ್ದೆ. ಅವನು ಟ್ರ್ಯಾಕ್ಟರ್ ಬಿಚ್ಚಿ ಜೋಡಿಸುವವನು, ಯಂತ್ರ ಬಲ್ಲವನು. ಆದರೂ ಸೆರಗು ಸೊಂಟಕ್ಕೆ ಸಿಗಿಸಿ ನಾನೇ ಗಾಡಿಯ ಅಡಿಗೆ ಹೋದೆ.

ಅಂಗಾತ ಮಲಗಿ ಕೀಲಿಕೈಯಿಂದ ಕೆರೆದರೆ ಉದುರಿದ್ದು ಕರಿಮಣ್ಣು. ನಡುನಡುವೆ ಭತ್ತದ ಹುಲ್ಲಿನ ಚೂರು. ಮೂಗಿಗೆ ಹಿಡಿದರೆ ನಾಟಿ ಗದ್ದೆಯದೇ ವಾಸನೆ. ಹುಟ್ಟಿದಾಗಿನಿಂದ ಕಾಲಿಗೆ ಮೆತ್ತಿಸಿಕೊಂಡ ಮಣ್ಣು ಅದು, ನನಗೆ ಗುರುತು ಸಿಗದೆ ಇರುತ್ತದೆಯೇ? ನನ್ನ ಕೈಯಿಂದ ಒಂದು ಹೆಂಟೆ ತೆಗೆದುಕೊಂಡು ಅಣ್ಣನೂ ಪುಡಿ ಮಾಡಿ ನೋಡಿದ.

“ತಂಗಿ, ಇದು ನಮ್ ಕಡಿ ಮಣ್ಣ ಐತಿ. ಕಣ್ಮುಚ್ಚಿ ತಗೋ,” ಎಂದ.

ಕಣ್ಣು ಮುಚ್ಚಿಯೇ ತೆಗೆದುಕೊಂಡೆ.

ಮೊದಲ ಸವಾರಿಗೆ ವಯಸ್ಸಾದ ವಿದೇಶಿ ದಂಪತಿ ಬಂದರು. ಟ್ರಾಲಿಯ ತುಂಬ ಡೇರೆ, ಒಲೆ, ನನ್ನ ಗಂಡ ಬೆಳಗಿನಿಂದ ಹುರಿದು ಕುಟ್ಟಿದ ಮಸಾಲೆ. ಸಂಡೂರಿನ ಏರಿನಲ್ಲಿ ಮಳೆ ಹಿಡಿಯಿತು. ಲಾರಿಗಳು ಕಲಸಿಟ್ಟ ಕೆಂಪು ರಾಡಿಯಲ್ಲಿ ಹಿಂದಿನ ಗಾಲಿಗಳು ಗಿರಗಿರ ತಿರುಗಿದವು. ಇದಕ್ಕೇ ಅಲ್ಲವೆ ತಂದದ್ದು ಎಂದು ನನ್ನ ಗಂಡ ಫೋರ್ ವ್ಹೀಲ್ ಲಿವರ್ ಎಳೆದರು. ಲಿವರ್ ಬಂತು, ಮುಂದಿನ ಗಾಲಿಗಳು ಅಲುಗಲಿಲ್ಲ. ಟ್ರಾಲಿ ಹಿಂದಕ್ಕೆ ಜಗ್ಗಿತು, ಜೀಪು ಅಡ್ಡಡ್ಡ ಜಾರಿತು, ಟ್ರಾಲಿ ಮಗುಚಿ ಪಾತ್ರೆಗಳೆಲ್ಲ ಕೊಳ್ಳಕ್ಕೆ ಉರುಳಿದವು. ಜೀಪಿನ ಮೂರು ಗಾಲಿ ರಸ್ತೆಯ ಮೇಲೆ, ಒಂದು ಕೊಳ್ಳದ ಅಂಚಿಗೆ. ಆ ಮುದುಕಿ ಕೆಳಗಿಳಿದು ಬಂಡೆಯ ಮೇಲೆ ಕೂತು ತಲೆಯ ಮೇಲೆ ಟವೆಲ್ ಹೊದ್ದುಕೊಂಡಳು. ಅದಿರಿನ ಲಾರಿಯವನೊಬ್ಬ ನಗುತ್ತ ನಮ್ಮನ್ನು ಎಳೆದು ಹಾಕಿದ. ಮರುದಿನ ಅವರು ಬೇರೆ ಕಡೆ ಕೋಣೆ ಹಿಡಿದರು. ಆ ಮಳೆಗಾಲ ನಮ್ಮ ಬಾಗಿಲಿಗೆ ಮತ್ತೊಬ್ಬ ಗಿರಾಕಿ ಬರಲಿಲ್ಲ.

ಗ್ಯಾರೇಜಿನಲ್ಲಿ ಗಾಡಿ ಎತ್ತಿ ಅಡಿಗೆ ನೀರು ಬಿಟ್ಟರು. ಕರಿಮಣ್ಣು ಹಕ್ಕಳೆ ಹಕ್ಕಳೆಯಾಗಿ ಕಳಚಿತು. ಅದರ ಕೆಳಗೆ ಕೆಂಪು. ವರ್ಷಗಟ್ಟಲೆ ಕೂತು ಗಟ್ಟಿಯಾದ ಗಣಿಯ ಕೆಂಪು. ಇನ್ನೂ ಬೀಳದೆ ಉಳಿದಿದ್ದ ಕರಿಮಣ್ಣಿನ ಮೇಲೆ ಬೆರಳಿನ ಗೆರೆಗಳಿದ್ದವು. ಗೋಡೆಗೆ ಸಗಣಿ ಬಳಿಯುವ ಹಾಗೆ ಯಾರೋ ಕೈಯಾರೆ, ಸಾವಧಾನವಾಗಿ ಬಳಿದಿದ್ದರು. ಎಂಜಿನ್ನಿನ ಬಲವನ್ನು ಮುಂದಿನ ಗಾಲಿಗೆ ಒಯ್ಯುವ ಉದ್ದನೆಯ ಶಾಫ್ಟಂತೂ ಇರಲೇ ಇಲ್ಲ. ಗಣಿಯವರೇ ಯಾವತ್ತೋ ಬಿಚ್ಚಿದ್ದರು. ಅದು ಇರಬೇಕಾದ ಜಾಗದ ಕೆಳಗೇ ನಾನು ಅಂಗಾತ ಮಲಗಿ ಮಣ್ಣು ಮೂಸಿ ನೋಡಿ ಖುಷಿಪಟ್ಟಿದ್ದೆ.

ನೇರ ಅಡ್ಡಾಕ್ಕೆ ಹೋದೆ. ದಲ್ಲಾಳಿ ಕುರ್ಚಿ ಹಾಕಿಸಿದ, ಚಹಾ ತರಿಸಿದ, ನಾನು ಕೂಗಾಡುವುದನ್ನು ಪೂರ್ತಿ ಕೇಳಿಸಿಕೊಂಡ. ಆಮೇಲೆ ನಕ್ಕ.

“ಅಕ್ಕಾರ, ನೀವು ಮಣ್ಣು ನೋಡಿ ತಗೊಂಡ್ರಿ. ಗಾಡಿ ನೋಡಿ ತಗೋಬೇಕಿತ್ತು.”

ಅಲ್ಲಿದ್ದವರೆಲ್ಲ ನಕ್ಕರು. ನನ್ನ ಗಂಡ ನನ್ನ ಮೊಣಕೈ ಹಿಡಿದು ಹೋಗ್ಲಿ ಬಿಡು ಎಂದರು. ಆ ಗಳಿಗೆಯಲ್ಲಿ ದಲ್ಲಾಳಿಗಿಂತ ಅವರ ಮೇಲೆಯೇ ಹೆಚ್ಚು ಸಿಟ್ಟು ಬಂತು. ಗಾಡಿ ಕೆಟ್ಟದ್ದು ಕೊಟ್ಟರೆ ವ್ಯಾಪಾರ ಎನ್ನಬಹುದು. ನನ್ನ ತವರಿನ ಮಣ್ಣು ತಂದು ನನ್ನ ಕಣ್ಣಿಗೇ ಬಳಿದಿದ್ದನಲ್ಲ, ಅದು ವ್ಯಾಪಾರವಲ್ಲ. ಅದನ್ನು ಬಡ್ಡಿ ಸಮೇತ ತೀರಿಸುವುದೆಂದು ನಿಶ್ಚಯಿಸಿ ಆ ಚಹಾ ಮುಟ್ಟದೆ ಎದ್ದು ಬಂದೆ.

ಮೊದಲು ಗಾಡಿಯನ್ನು ಗಾಡಿ ಮಾಡಿದೆ. ಹಳೆ ಸಾಮಾನಿನವರ ಹತ್ತಿರ ಶಾಫ್ಟ್ ಹುಡುಕಿಸಿ ಹಾಕಿಸಿದೆ. ನಾಲ್ಕೂ ಗಾಲಿ ತಿರುಗಿದವು. ಕಾರು ಎಳೆಯುವ ಕೆಲಸ ಶುರುವಾಗಿ ಒಲೆ ಉರಿಯಿತು. ಆಮೇಲೆ ಆಯುಧಪೂಜೆಗಾಗಿ ಕಾದೆ.

ಆ ದಲ್ಲಾಳಿಯ ಹತ್ತಿರ ಗಾಡಿ ಕೊಂಡವರೆಲ್ಲ ಆಯುಧಪೂಜೆಗೆ ಅವನ ಅಡ್ಡಾಕ್ಕೇ ಗಾಡಿ ತರುವುದು ರೂಢಿ. ಶಾಮಿಯಾನ, ಚೆಂಡು ಹೂವು, ಕುಂಬಳಕಾಯಿ, ಎಲ್ಲರಿಗೂ ಬೂಂದಿ. ಹೊಸ ಗಿರಾಕಿಗಳೂ ಅವತ್ತೇ ಬಂದು ಗಾಡಿ ಗೊತ್ತು ಮಾಡುತ್ತಿದ್ದರು. ನಾನು ಹೊಸ ಇಳಕಲ್ ಸೀರೆ ಉಟ್ಟು ಜೀಪಿನಲ್ಲಿ ಹೋಗಿ ಇಳಿದೆ. ಜನರ ಮುಂದೆ ಅವನು ಬರ್ರಿ ಅಕ್ಕಾರ ಅನ್ನಲೇಬೇಕಾಯಿತು. ಪೂಜೆಗೆ ಮೊದಲು ಗಾಡಿ ತೊಳೆಯಬೇಕು, ನಿಮ್ಮ ನೀರಿನ ಪೈಪು ಕೊಡಿ ಎಂದೆ. ಮೇಲೆ ತೊಳೆಯಲಿಲ್ಲ. ಪೈಪಿನ ತುದಿಯನ್ನು ಗಾಡಿಯ ಅಡಿಯ ಟೊಳ್ಳು ಚಾಸಿಯ ತೂತಿನೊಳಗೆ ತುರುಕಿದೆ. ಇನ್ನೊಂದು ತುದಿಯಿಂದ ಕೆಂಪು ನೀರು ಹರಿಯಿತು. ಎಷ್ಟು ತೊಳೆದರೂ ಆ ಕೊಳವೆಯ ಹೊಟ್ಟೆಯೊಳಗಿನ ಅದಿರಿನ ಧೂಳು ಮುಗಿಯುವುದಿಲ್ಲ, ಅದು ನನಗೆ ಗ್ಯಾರೇಜಿನಲ್ಲೇ ಗೊತ್ತಾಗಿತ್ತು.

ಪಕ್ಕದ ಗಾಡಿಯವರು ಮುಖ ಮುಖ ನೋಡಿಕೊಂಡರು. ನಿಮ್ಮದಕ್ಕೂ ಬಿಡಲೇನ್ರಿ ಎಂದು ವಿನಯದಿಂದ ಕೇಳಿದೆ. ಅದು ಕೂಡ ಮನಿ ಗಾಡಿ ಎಂದು ಮಾರಿದ್ದೇ. ಕೆಂಪು ಬಂತು. ಅದರಾಚೆಯದಕ್ಕೆ ಬಿಡಿ ಎಂದು ಅವರೇ ಕರೆದರು. ರಂಗೋಲಿಯ ಮೇಲೆ, ಹೂವಿನ ಮೇಲೆ, ದಲ್ಲಾಳಿಯ ಬಿಳಿ ಪಂಚೆಯ ಅಂಚಿನ ಮೇಲೆ ಕೆಂಪು ನೀರು. ಮುಂಗಡ ಕೊಡಲು ಬಂದಿದ್ದ ಕಂಪ್ಲಿಯ ಅಕ್ಕಿ ಗಿರಣಿಯವರೊಬ್ಬರು ಕೊಡದೆಯೇ ತಮ್ಮ ಕಾರು ಹತ್ತಿದರು. ಮಂಗಳಾರತಿಯ ಹೊತ್ತಿಗೆ ಶಾಮಿಯಾನದಲ್ಲಿ ಬೂಂದಿಯ ಬುಟ್ಟಿಗಳೇ ಹೆಚ್ಚು, ಜನ ಕಡಿಮೆ. ನನ್ನ ಮದುವೆಯ ದಿನವೂ ನಾನು ಅಷ್ಟು ಸಂತೋಷಪಟ್ಟಿರಲಿಲ್ಲ. ಬೂಂದಿ ಕಟ್ಟಿಸಿಕೊಂಡೇ ಬಂದೆ.

ಮರುದಿನ ಬನ್ನಿ ಹಬ್ಬ. ಸಂಜೆ ಬನ್ನಿ ಎಲೆ ಹಿಡಿದು ಬಂದವರನ್ನು, ಅವರು ಎಂಥ ವೈರಿಯಾಗಲಿ, ನಮ್ಮ ಕಡೆ ಬಾಗಿಲಿಂದ ಹಿಂದೆ ಕಳಿಸುವುದಿಲ್ಲ. ದಲ್ಲಾಳಿ ಬಂದ. ಬನ್ನಿ ತಗೊಂಡು ಬಂಗಾರದಂಗ ಇರ್ರಿ ಎಂದು ಎಲೆ ಕೊಟ್ಟ. ಕೈ ಒಡ್ಡಲೇಬೇಕಾಯಿತು. ಕ್ಷಮೆ ಕೇಳುತ್ತಾನೆ, ಕೇಳಿದರೂ ಕೊಡಬಾರದು ಎಂದು ಮನಸ್ಸಿನಲ್ಲೇ ಗಟ್ಟಿಯಾಗಿ ನಿಂತಿದ್ದೆ.

“ನನ್ನ ಮಾನ ತೆಗದ್ರಿ, ಚಲೋ ಆತು,” ಎಂದ. “ಆದ್ರ ಆ ಮಣ್ಣು ನಂದಲ್ರಿ ಅಕ್ಕಾರ. ನಿಮ್ಮಣ್ಣಾರು ಚೀಲದಾಗ ತುಂಬ್ಕೊಂಡು ಬಂದಿದ್ರು. ಬಳದದ್ದೂ ಅವ್ರ.”

ನನ್ನ ಗಂಡ ಒಳಗಿನಿಂದ ಬನ್ನಿ ಹಿಡಿದು ಬರುತ್ತಿದ್ದವರು ಅಲ್ಲೇ ನಿಂತರು. ತೋರಣಗಲ್ಲಿನ ಕಾರ್ಖಾನೆಗೆ ಅದಿರು ಸಾಗಿಸಲು ಒಂದು ಟಿಪ್ಪರ್ ಕೊಡಿಸುತ್ತೇನೆ ಎಂದು ದಲ್ಲಾಳಿ ಅಣ್ಣನಿಗೆ ಆಸೆ ಹಚ್ಚಿದ್ದನಂತೆ. ನಮ್ಮ ತಂಗಿ ಮಣ್ಣು ನೋಡಿಯೇ ಗಾಡಿ ತಗೊಳ್ಳಾಕಿ ಎಂದು ಅಣ್ಣನೇ ಹೇಳಿಕೊಟ್ಟನಂತೆ. ಸುಳ್ಳು ಎನ್ನಲು ಬಾಯಿ ತೆರೆದೆ. ಆದರೆ ಶಾಫ್ಟಿಲ್ಲದ್ದು ಟ್ರ್ಯಾಕ್ಟರ್ ಬಿಚ್ಚುವವನಿಗೆ ಒಂದು ಸಲ ಬಗ್ಗಿ ನೋಡಿದರೆ ಕಾಣುತ್ತಿತ್ತು. ಅವನು ಬಗ್ಗಿರಲೇ ಇಲ್ಲ. ದಲ್ಲಾಳಿ ಇನ್ನೊಂದು ಎಲೆಯನ್ನು ನನ್ನ ಗಂಡನ ಕೈಗಿಟ್ಟು, ನಮಸ್ಕಾರ ಮಾಡಿ ಹೋದ. ಅವನೂ ತನ್ನ ಸೇಡು ತೀರಿಸಿಕೊಂಡಿದ್ದ.

ನಾನು ಅಣ್ಣನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಅತ್ತುಬಿಡುತ್ತಿದ್ದೆ, ಅವನು ಸಮಾಧಾನ ಮಾಡಿಬಿಡುತ್ತಿದ್ದ.

ಸಂಕ್ರಾಂತಿ ಕಳೆದು ಬೇಸಿಗೆ ಬೆಳೆಯ ನಾಟಿ ಹೊತ್ತಿಗೆ ಅವನೇ ಫೋನ್ ಮಾಡಿದ. ಗದ್ದೆಯಲ್ಲಿ ಟ್ರ್ಯಾಕ್ಟರ್ ಹೂತುಬಿಟ್ಟಿದೆ, ನಾಟಿಯವರು ಬಂದು ಕೂತಿದ್ದಾರೆ, ಯಾರ ಗಾಡಿಯೂ ಇಳಿಯುತ್ತಿಲ್ಲ, ನಿನ್ನ ಜೀಪು ತಗೊಂಡು ಬಾ. ಹೋದೆ. ನನ್ನ ಗಂಡ ಸ್ಟೀರಿಂಗ್ ಹಿಡಿದರು, ನಾನು ಹಗ್ಗ ಕಟ್ಟಿದೆ. ಮುಂದಿನ ಗಾಲಿಗಳು ಕೆಸರು ಕಚ್ಚಿದವು, ಹಗ್ಗ ಬಿಗಿಯಿತು, ಟ್ರ್ಯಾಕ್ಟರ್ ನರಳಿ ಮೇಲೆದ್ದು ಬದುವಿಗೆ ಬಂತು. ನಾಟಿಯ ಹೆಂಗಸರು, ಎಲ್ಲ ನನ್ನನ್ನು ಲಂಗದಲ್ಲಿ ಕಂಡವರು, ನಮ್ಮ ಮನಿ ಹುಡುಗಿ ಎಂದು ಹೊಗಳಿದರು. ಅಣ್ಣ ಕೆಸರು ಕೈ ಒರೆಸಿಕೊಳ್ಳುತ್ತ, ಮನೆಗೆ ನಡಿ, ನಿಮ್ಮತ್ತಿಗೆ ಹೋಳಿಗೆ ಮಾಡ್ಯಾಳ ಎಂದ. ಹಗ್ಗ ಬಿಚ್ಚಿ ಸುತ್ತಿ ಜೀಪಿಗೆ ಹಾಕಿದೆ.

“ಅಣ್ಣಾ, ಅಪ್ಪನ ಈ ಗದ್ದ್ಯಾಗ ನನ್ ಪಾಲು ಎಷ್ಟ ಐತಿ, ಅಳದು ಕೊಡು,” ಎಂದೆ.

ಆಗಲೇ ನಾಟಿಗೆ ಬಗ್ಗಿದ್ದ ಹೆಂಗಸರು ಬಗ್ಗಿದ ಹಾಗೇ ನಿಂತರು. ನಮ್ಮ ಕಡೆ ಹೆಣ್ಣುಮಗಳು ಆ ಮಾತು ಆಡುವುದಿಲ್ಲ. ಕಾನೂನು ಏನೇ ಹೇಳಲಿ, ಅರಿಷಿಣ ಕುಂಕುಮ, ಸೀರೆ, ಹಬ್ಬದ ಕರೆ, ಇಷ್ಟಕ್ಕೆ ಅವಳ ಪಾಲು ಮುಗಿಯಿತು ಎಂದು ಲೆಕ್ಕ. ಅಣ್ಣ ನನ್ನ ಮುಖ ನೋಡಿದ. ನನಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು. ತವರು ಬೇಕೋ ಗದ್ದಿ ಬೇಕೋ ಯೋಚನಿ ಮಾಡು ಎಂದ, ದನಿ ಸಣ್ಣದಾಗಿತ್ತು.

“ತವರು ನೀನ ಚೀಲದಾಗ ತುಂಬಿ ಕೊಟ್ಟೀದಿ. ಉಳದದ್ದು ಗದ್ದಿ ಒಂದ.”

ನನ್ನ ಗಂಡ ಅವತ್ತು ಹೋಗ್ಲಿ ಬಿಡು ಅನ್ನಲಿಲ್ಲ. ಗಾಡಿ ಶುರು ಮಾಡಿದರು.

ಹಿರಿಯರು ಕೂತರು, ಎದ್ದರು, ಮತ್ತೆ ಕೂತರು. ಅತ್ತಿಗೆ ಓಣಿಯಲ್ಲಿ ನಿಂತು ನನಗೆ ಶಾಪ ಹಾಕಿದಳು. ನಾನು ಜಗ್ಗಲಿಲ್ಲ. ಕೊನೆಗೆ ಕಾಲುವೆಯ ಕಡೆಯ ತುಂಡು ನನ್ನ ಹೆಸರಿಗೆ ಬಂತು. ನಾಟಿ ಹೆಂಗಸರಲ್ಲೇ ಒಬ್ಬಳಿಗೆ ಅದನ್ನು ಗುತ್ತಿಗೆಗೆ ಕೊಟ್ಟೆ. ಅಣ್ಣ ದಿನಾ ತನ್ನ ಗದ್ದೆಗೆ ಹೋಗಬೇಕಾದರೆ ಅವಳ ಬದುವಿನ ಮೇಲೆ, ಅವಳನ್ನು ಕೇಳಿಯೇ ಹೋಗಬೇಕು. ಅದನ್ನೂ ನಾನು ಯೋಚಿಸಿಯೇ ಮಾಡಿದ್ದು.

ಆ ವರ್ಷ ಪಂಚಮಿ ಬಂತು. ಅಣ್ಣಂದಿರು ಅಕ್ಕತಂಗಿಯರನ್ನು ಕರೆಯಲು ಬರುವ ಹಬ್ಬ. ಅವನು ಬಂದರೆ ಬಾಗಿಲಲ್ಲೇ ನಿಲ್ಲಿಸಿ ಒಲ್ಲೆ ಅನ್ನಬೇಕು ಎಂದು, ಆ ಒಂದು ಮಾತನ್ನು ಎಷ್ಟೋ ತಿಂಗಳಿಂದ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದೆ. ಬೆಳಗಿನಿಂದ ತಲೆ ಬಾಚಿಕೊಂಡು ಕಟ್ಟೆಯ ಮೇಲೆ ಕೂತೆ. ಬುಕ್ಕಸಾಗರದ ಕಡೆಯಿಂದ ಯಾರೂ ಬರಲಿಲ್ಲ. ಮಧ್ಯಾಹ್ನ ನನ್ನ ಗಂಡ ಶೇಂಗಾದ ಉಂಡೆ ಕಟ್ಟಿ ತಂದು ಪಕ್ಕದಲ್ಲಿಟ್ಟರು. ಕತ್ತಲಾಗುವವರೆಗೂ ನಾನು ಅಲ್ಲಿಂದ ಏಳಲಿಲ್ಲ.