ಗೇರುಬೀಜ ಸುಲಿಯುವ ಬೆರಳು

ಬ್ರಹ್ಮಾವರದಲ್ಲಿ ಕಂಪ್ಯೂಟರ್ ಕಲಿತು ಬಂದ ನನಗೆ ಕುಂದಾಪುರದ ಹೊರಗಿನ ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹೊಸ ಹಾಜರಿ ವ್ಯವಸ್ಥೆ ಕಟ್ಟಿಕೊಡಬೇಕಿತ್ತು. ಹೆಂಗಸರು ಬಾಗಿಲಲ್ಲಿ ಹೆಬ್ಬೆರಳು ಒತ್ತಿದರೆ ಸಾಕು, ಉಳಿದದ್ದನ್ನು ಕಂಪ್ಯೂಟರೇ ನೋಡಿಕೊಳ್ಳಬೇಕು. ಅಮ್ಮ ಅಲ್ಲಿಯೇ ಬೀಜ ಸುಲಿಯುತ್ತಿದ್ದಳು. ಅವಳ ಮಗಳು ಆಫೀಸಿನ ಕುರ್ಚಿಯಲ್ಲಿ! ನನ್ನ ಜಂಬ ಕೇಳಬೇಡಿ.

ಬೆರಳಚ್ಚು ತೆಗೆದದ್ದು ದೀಪಾವಳಿ ರಜೆ ಮುಗಿದ ದಿನ. ಹೊಸ ಯಂತ್ರಕ್ಕೆ ಕೊಳಕು ಕೈ ಕೊಡಬಾರದೆಂದು ಎಲ್ಲರೂ ಹುಣಸೆಹುಳಿ ಹಾಕಿ ತಿಕ್ಕಿ, ಮದುವೆಗೆ ಹೊರಟವರಂತೆ ಬಂದಿದ್ದರು. ರಜೆಯಲ್ಲಿ ಚರ್ಮವೂ ಹೊಸದಾಗಿ ಬಂದಿತ್ತು. ಒಬ್ಬರದ್ದೂ ತಪ್ಪಲಿಲ್ಲ.

ಕೆಲಸ ಶುರುವಾದ ಮೇಲೆ ಬೀಜದ ಸಿಪ್ಪೆಯ ಎಣ್ಣೆ ಬೆರಳತುದಿಗಳನ್ನು ಎಂದಿನಂತೆ ಸುಟ್ಟಿತು. ಗೆರೆಗಳೇ ಉಳಿಯಲಿಲ್ಲ. ಪರೀಕ್ಷೆಗೆಂದು ಒತ್ತಿಸಿದರೆ ಯಂತ್ರಕ್ಕೆ ಯಾರ ಗುರುತೂ ಸಿಗದು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆ. ಹೆದರುತ್ತಲೇ ಕಾರ್ಖಾನೆಯ ಧಣಿಗಳಿಗೆ ಹೇಳಿದೆ.

"ಅವತ್ತ್ ಆದ್ದ್ ಈಗ ಎಂತಕ್ ಆತ್ತಿಲ್ಲೆ? ಎಲ್ಲ ನಾಟ್ಕ. ಸೋಮವಾರ್ದಿಂದ ಮಿಷನ್ ಒಪ್ಪದಿದ್ರೆ ಮನಿಗ್ ಹೋಯ್ಲಿ," ಅಂದರು.

ಅಷ್ಟೂ ಮನೆಗಳ ಒಲೆ ಆರಿಸುವವಳು ನಾನೇ ಎಂದು ಭಯ. ಧಣಿಗಳಿಗೆ ಎದುರು ಹೇಳಿದರೆ ನನ್ನ ಕೆಲಸ ಹೋಗುತ್ತದೆಂದು ಅದಕ್ಕಿಂತ ದೊಡ್ಡ ಭಯ. ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಸುಟ್ಟ ಬೆರಳಿಗೆ ತೆಂಗಿನೆಣ್ಣೆ ಸವರುತ್ತ ಕೇಳಿದಳು.

ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ಯಂತ್ರದ ಪಕ್ಕ ನಾನು, ನನ್ನ ಪಕ್ಕ ಧಣಿಗಳು. ಯಾವಾಗಲೂ ಹಿಂದೆ ಬರುವ ಅಮ್ಮ ಅವತ್ತು ಎಲ್ಲರನ್ನೂ ಸರಿಸಿ ಸಾಲಿನ ಮುಂದೆ ಬಂದು ನಿಂತಳು. ಹೆಬ್ಬೆರಳು ಒತ್ತಿದಳು. ಕೆಂಪು ದೀಪ. ಸೆರಗಿಗೆ ಒರೆಸಿ ಮತ್ತೆ ಒತ್ತಿದಳು. ಮತ್ತೂ ಕೆಂಪು.

ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಮೊದ್ಲ್ ನನ್ನ ಮನಿಗ್ ಕಳ್ಸ್ ಮಗಾ. ನನ್ನ ಕಳ್ಸಿರೆ ಉಳ್ದವ್ರನ್ನ ಕಳ್ಸುಕೆ ನಿಂಗ್ ಸಲೀಸ್ ಆತ್ತ್."

ನಾನು ಬಗ್ಗಿ ಯಂತ್ರದ ವಯರ್ ಎಳೆದುಬಿಟ್ಟೆ. "ಇದ್ ಆತ್ತಿಲ್ಲೆ ಧಣಿ. ತಪ್ಪ್ ಇವ್ರದ್ದಲ್ಲ, ನಂದ್," ಅಂದೆ.

ಧಣಿಗಳು ಹೆಂಗಸರಿಗೆ ಒಳಗೆ ಹೋಗಿ ಎಂದು ಕೈಸನ್ನೆ ಮಾಡಿದರು. ಅವರು ಒಬ್ಬೊಬ್ಬರಾಗಿ ನನ್ನನ್ನು ದಾಟಿ ಹೋದರು. ಅಮ್ಮ ಕೊನೆಗೆ ಹೋದಳು. ಅವತ್ತು ಮನೆಗೆ ಹೋದವಳು ನಾನೊಬ್ಬಳೇ.