ಕಿಟಕಿಯ ಮೇಜಿನ ರುದ್ರವ್ವ

ಬರ್ಲಿಂಗ್ಟನ್ನಿನ ಸರೋವರದ ಎದುರಿಗಿರುವ ನುಂಜಿಯಾತಾಳ ಹೋಟೆಲಿಗೆ ಬರುವವರು ಮೊದಲು ನೋಡುವುದು ಕಿಟಕಿ ಪಕ್ಕದ ಮರದ ಮೇಜನ್ನು. ಅಲ್ಲಿ ಒಬ್ಬ ಹೆಂಗಸು ಕೂತು ರವೆಯ ಹಿಟ್ಟು ಹೊಸೆದು, ಚೂರು ಮಾಡಿ, ಹೆಬ್ಬೆರಳಲ್ಲಿ ಒತ್ತಿ ಪುಟ್ಟ ಕಿವಿಯಂಥ ಪಾಸ್ತಾ ಮಾಡುತ್ತಿರುತ್ತಾಳೆ. ದಕ್ಷಿಣ ಇಟಲಿಯ ಪುಲ್ಯಾ ಸೀಮೆಯ ಅಡುಗೆ. ಕಹಿಸೊಪ್ಪಿನ ಜೊತೆ ಬೇಯಿಸಿ, ಆ ಸೀಮೆಯದೇ ಕಪ್ಪುಗೆಂಪು ವೈನಿನೊಂದಿಗೆ ಬಡಿಸುತ್ತಾರೆ. ಬಸ್ಸು ಮಾಡಿಕೊಂಡು ಬರುವ ಪ್ರವಾಸಿಗರು ಊಟಕ್ಕೆ ಮೊದಲು ಆ ಹೆಬ್ಬೆರಳಿನ ಫೋಟೊ ತೆಗೆಯುತ್ತಾರೆ. ಅದು ಕಡಲು ದಾಟಿ ಬಂದ ಬೈಲಹೊಂಗಲದ ರುದ್ರವ್ವನ ಹೆಬ್ಬೆರಳು ಎಂಬುದು ಅವರಿಗೇಕೆ ಬೇಕು?

ಮದುವೆ ಪಾಯಸಕ್ಕೆ ಗವಲಿ, ಅಂದರೆ ಹಿಟ್ಟಿನ ಪುಟ್ಟ ಪುಟ್ಟ ಕಾಳು, ಹೊಸೆದು ಪಳಗಿದ ಕೈ ಅದು. ಅಲ್ಲಿ ಬೆಲ್ಲಕ್ಕೆ, ಇಲ್ಲಿ ಸೊಪ್ಪಿಗೆ, ಹಿಟ್ಟಿಗೇನು ಗೊತ್ತು? ಹೋಟೆಲಿನ ಒಡತಿ ನುಂಜಿಯಾತಾ ಕೂಡ ರುದ್ರವ್ವನ ಹಾಗೆ ಗಂಡ ಸತ್ತವಳು. ಮೊದಲ ಕಿವಿ ಒತ್ತಿದವಳ ಕೈಗೆ ಮೊದಲ ಗ್ಲಾಸು ವೈನು ಕೊಡುವುದು ಅವಳ ಮನೆಯ ರೂಢಿ. ರುದ್ರವ್ವ ಕುಡಿಯುವವಳಲ್ಲ. ಗ್ಲಾಸು ಹಿಡಿದು, ಪ್ರವಾಸಿಗರ ಚಪ್ಪಾಳೆ ಮುಗಿದ ಮೇಲೆ ನುಂಜಿಯಾತಾಳಿಗೇ ಕೊಟ್ಟುಬಿಡುತ್ತಿದ್ದಳು. ಆದರೆ ಆ ಹಿಡಿಯುವುದಿದೆಯಲ್ಲ, ಅದು ಬೇಕಿತ್ತು ಅವಳಿಗೆ. ಗಂಡ ಶೇಖಪ್ಪ ತೀರಿಕೊಂಡಾಗಿನಿಂದ ಹತ್ತಿರದ ಮಿಸಿಸಾಗ ಊರಿನ ನಮ್ಮ ಹೆಂಗಸರು ಯಾವ ಮದುವೆಯಲ್ಲೂ ಗವಲಿಯ ಹಿಟ್ಟಿಗೆ ಅವಳ ಕೈ ತಾಗಲು ಬಿಟ್ಟಿರಲಿಲ್ಲ. ಐದು ಮಂದಿ ಮುತ್ತೈದೆಯರೇ ಶುರು ಮಾಡಬೇಕಂತೆ. ಹಿಮದಲ್ಲಿ ಸಿಕ್ಕಿಬಿದ್ದ ಕಾರು ತಳ್ಳಲು ಮಾತ್ರ ವಿಧವೆಯಾದರೂ ನಡೆಯುತ್ತದೆ.

ಇಂಥ ಮೇಜಿಗೆ ಆ ಹೆಂಗಸರಲ್ಲೇ ಒಬ್ಬಳಾದ ಗಿರಿಜಾ ಬಂದು ಕೂತಳು. ಅವಳಿಗೆ ಆ ಕೆಲಸ ಕೊಡಿಸಿದ್ದೂ ರುದ್ರವ್ವನೇ. ಗಿರಿಜಾಳ ಇಂಗ್ಲಿಷು ಸಲೀಸು. ಪ್ರವಾಸಿಗರ ಬೆರಳು ಹಿಡಿದು ತಾನೇ ಒತ್ತಿಸುತ್ತಾಳೆ, ನಗಿಸುತ್ತಾಳೆ. ನುಂಜಿಯಾತಾ ಅವಳನ್ನು ಕಿಟಕಿಗೆ ಕೂರಿಸಿ, ರುದ್ರವ್ವನನ್ನು ಒಳಗೆ ಸೊಪ್ಪು ಸೋಸಲು ಕಳಿಸಿದಳು. ಚಪ್ಪಾಳೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತು.

“ಅಕ್ಕಾ, ಟೂರಿಸ್ಟ್ ಮಂದಿ ಭಾಳ ಸ್ವೀಟ್ ಇದ್ದಾರರಿ. ಒಬ್ಬಾಕಿ ನನ್ನ ಬಳಿ ನೋಡಿ ಬ್ಯೂಟಿಫುಲ್ ಅಂದ್ಲು,” ಎಂದಳು ಗಿರಿಜಾ, ಕೈಬಳೆ ಆಡಿಸುತ್ತ.

“ಅವರು ಎಮ್ಮಿ ನೋಡಿದ್ರೂ ಬ್ಯೂಟಿಫುಲ್ ಅಂತಾರವಾ.” ರುದ್ರವ್ವ ಸೊಪ್ಪಿನಿಂದ ತಲೆಯೆತ್ತಲಿಲ್ಲ. “ಅದಿರ್ಲಿ, ನಿನ್ನ ಮಗಳು ಅಕ್ಷರಾನ ಮದುವಿ ಹತ್ರ ಬಂತಲ್ಲ. ಮನೀ ಗವಲಿ ಆಗೂ ಮೊದಲ ಹಡೆದಾಕಿ ಮಂದಿ ಹಿಟ್ಟಿಗೆ ಹೆಬ್ಬಟ್ಟ ಒತ್ತಬಾರದು. ನಿಮ್ಮತ್ತಿ ಹೇಳಿಲ್ಲೇನು?”

ಅಂಥ ಶಾಸ್ತ್ರ ಯಾವ ಊರಲ್ಲೂ ಇಲ್ಲ. ಸೊಪ್ಪು ಸೋಸುತ್ತ ಆಗಷ್ಟೇ ಹುಟ್ಟಿಸಿದ್ದು. ಗಿರಿಜಾ ನಂಬಿಬಿಟ್ಟಳು. ಕೈನೋವು ಎಂದು ನುಂಜಿಯಾತಾಳಿಗೆ ನೆಪ ಹೇಳಿ ಒಳಗೆ ಬಂದಳು. ರುದ್ರವ್ವ ಕಿಟಕಿಗೆ ಹೋದಳು, ಗ್ಲಾಸು ಹಿಡಿದಳು. ಚಪ್ಪಾಳೆ ಸೊಗಸಾಗಿತ್ತು.

ಗಿರಿಜಾಳ ಬೇಸ್‌ಮೆಂಟಿನಲ್ಲಿ ಗವಲಿಗೆ ಹೆಂಗಸರು ಸೇರಿದ ದಿನ ರುದ್ರವ್ವನಿಗೆ ಸಿಕ್ಕಿದ್ದು ಎಂದಿನಂತೆ ದೂರದ ಮೆಟ್ಟಿಲು. ಗಿರಿಜಾಳ ಅತ್ತೆ ಮಲ್ಲವ್ವ ಮಣೆ ಇಟ್ಟು ಸೊಸೆಯನ್ನು ಕರೆದಳು, “ಬಾರವಾ, ಮೊದಲ ನೀ ಶುರು ಹಚ್ಚು.”

ಗಿರಿಜಾ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. “ನಾ ಆಗ್ಲೇ ಹೊರಗಿನ ಹಿಟ್ಟಿಗೆ ಹೆಬ್ಬಟ್ಟ ಒತ್ತೀನ್ರಿ ಅತ್ತಿ. ನಾ ಮುಟ್ಟಿ ಅಕ್ಷರಾಗ ಏನರ ಆದ್ರ?” ಅಳು ಬಂದೇಬಿಟ್ಟಿತು.

“ಮಾಮ್, ಇಟ್ಸ್ ಜಸ್ಟ್ ಡೋ!” ಎಂದಳು ಮದುಮಗಳು ಅಕ್ಷರಾ.

“ಇಂಥಾ ಶಾಸ್ತ್ರ ಯಾರ ಹೇಳಿದ್ರು ನಿನಗ?” ಮಲ್ಲವ್ವ ಗದರಿದಳು.

ಗಿರಿಜಾ ಮೆಟ್ಟಿಲ ಕಡೆ ನೋಡಿದಳು. ರುದ್ರವ್ವ ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಗಿರಿಜಾಳೂ ಮಣೆಯಿಂದಾಚೆ ಕೂರುತ್ತಿದ್ದಳು. ರುದ್ರವ್ವನಿಗೆ ಒಂದು ಗಳಿಗೆ ಖುಷಿಯೂ ಆಯಿತು. ಆಮೇಲೆ ಆ ಸೆರಗಿನೊಳಗೆ ಮುದುಡಿದ ಕೈಗಳನ್ನು ನೋಡಿದಳು. ತನ್ನ ಕೈಗಳೂ ಹಾಗೇ ಮುದುಡಿದ್ದವು.

“ನಾನ ಹುಟ್ಟಿಸಿದ್ದು. ನನಗ ಆ ಕಿಟಕಿ ಮೇಜು ಬೇಕಾಗಿತ್ತು.”

“ಮದುವಿ ಮನ್ಯಾಗ ಸುಳ್ಳ ಶಾಸ್ತ್ರ ಹುಟ್ಟಸ್ತೀ? ನಿನ್ನ ನಾಲಿಗಿ ಬಿದ್ದು ಹೋಗ್ಲಿ!” ಎಂದಳು ಮಲ್ಲವ್ವ.

“ಬೀಳ್ಲಿ ಬಿಡ ಆಯಿ. ನಾ ಸುಳ್ಳ ಹುಟ್ಟಿಸಿದ್ದು ಹೊಟ್ಟಿಕಿಚ್ಚಿಗೆ. ನನ್ನ ಈ ಮೆಟ್ಟಲ ಮ್ಯಾಲ ಕುಂಡ್ರಸೂ ಶಾಸ್ತ್ರ ಯಾರು, ಯಾವ ಕಿಚ್ಚಿಗೆ ಹುಟ್ಟಿಸಿದ್ರು?”

ಗಿರಿಜಾ ಮೂಗೊರೆಸಿಕೊಂಡು, ಕೈ ತೊಳೆದು ಬಂದು ಮೊದಲ ಗವಲಿ ಹೊಸೆದಳು. ಆಮೇಲೆ ಮಣೆಯನ್ನು ಮೆಟ್ಟಿಲ ಕಡೆ ತಳ್ಳಿದಳು.

“ಇಳದ ಬರ್ರಿ. ಐದ ಮಂದಿ ಬೇಕು, ಒಬ್ಬಾಕಿ ಕಡಿಮಿ ಇದ್ದಾಳ. ನಿಮ್ಮನ್ನ ಬೈಯೂದು ಆಮ್ಯಾಲ ಬೈತೀನಿ.”

ಮಲ್ಲವ್ವ ಮುಖ ತಿರುಗಿಸಿದಳು; ಮಣೆ ಮಾತ್ರ ಹಿಂದಕ್ಕೆ ಎಳೆಯಲಿಲ್ಲ. ರುದ್ರವ್ವ ಇಳಿದು ಬಂದು ಹಿಟ್ಟಿಗೆ ಕೈ ಹಾಕಿದಳು.

ಮುಂದಿನ ಶನಿವಾರ ಗಿರಿಜಾಳ ಕೈನೋವು ಹೋಯಿತೆಂದು ನುಂಜಿಯಾತಾಳಿಗೆ ತಿಳಿಸಿದವಳೂ ರುದ್ರವ್ವನೇ. ಗಿರಿಜಾ ಕಿಟಕಿಗೆ ಹೋದಳು. ಬಸ್ಸು ಬಂತು, ಚಪ್ಪಾಳೆಯಾಯಿತು. ಒಳಗೆ ರುದ್ರವ್ವ ಸೊಪ್ಪಿನ ದಂಟುಗಳನ್ನು ಲಟಲಟ ಮುರಿಯುತ್ತಿದ್ದಳು.

“ದಪ್ಪ ಒತ್ತತಾಳ,” ಎಂದಳು ಸೊಪ್ಪಿಗೆ. “ಒಳಗ ಬೇಯೂದಿಲ್ಲ.”