ಎರಡು ಸಲ ಹುಟ್ಟಿದ ಹನುಮಪ್ಪ

ನಾನು ಚಿಕ್ಕವಳಿದ್ದಾಗ ಒಂದು ಕಡೆ ಕೂತವಳೇ ಅಲ್ಲ. ಅಂಥವಳನ್ನು ಒಂದು ಹನುಮ ಜಯಂತಿಯ ನಸುಕಿನಲ್ಲಿ ಅಪ್ಪ ಗುಡಿಯ ಮಾಳಿಗೆ ಹತ್ತಿಸಿ, ಸೂರ್ಯ ಬರುವವರೆಗೆ ಕೂತಿರು ಎಂದ!

ಮಸ್ಕಿಯ ನಮ್ಮ ಓಣಿಯಲ್ಲಿ ಹನುಮಪ್ಪ ಹುಟ್ಟುವುದು ಸೂರ್ಯ ಹುಟ್ಟುವ ಗಳಿಗೆಗೇ. ಆಗಲೇ ತೊಟ್ಟಿಲು ತೂಗಬೇಕು. ಗುಡಿಯ ಅಂಗಳಕ್ಕೆ ಮನೆಗಳು ಅಡ್ಡ, ಸೂರ್ಯ ಕಾಣುವುದಿಲ್ಲ. ಅದಕ್ಕೆ ವರ್ಷಕ್ಕೊಂದು ಮಗು ಮಾಳಿಗೆ ಹತ್ತಿ, ನೋಡಿ ಕೂಗುತ್ತಿತ್ತು. ಆ ವರ್ಷ ನನ್ನ ಪಾಳಿ. ಕೂಗುವವರೆಗೆ ಯಾರೂ ಗುಟುಕು ನೀರೂ ಕುಡಿಯುವಂತಿಲ್ಲ.

ಕೂತೆ. ಎದ್ದೆ. ಮತ್ತೆ ಕೂತೆ. ಕೆಳಗಿನಿಂದ ದವನದ ವಾಸನೆ, ಅದರ ಹಿಂದೆಯೇ ಬೆಲ್ಲದ ಪಾನಕಕ್ಕೆ ಅಕ್ಕ ಕುಟ್ಟುತ್ತಿದ್ದ ಏಲಕ್ಕಿಯ ವಾಸನೆ. ನನ್ನ ಹೊಟ್ಟೆ ತಾಳ ಹಾಕತೊಡಗಿತು. ಸೂರ್ಯ ಮಾತ್ರ ಪತ್ತೆಯೇ ಇಲ್ಲ. ಅಷ್ಟರಲ್ಲಿ ಮೂಡಣದ ಕಡೆ ಕೆಂಪಗೆ ಕಂಡಿತು. ಅಲ್ಲೊಂದು ಇಟ್ಟಂಗಿ ಸುಡುವ ಭಟ್ಟಿ ಇರುವುದು ನನಗೆ ಗೊತ್ತಿತ್ತು. ಗೊತ್ತಿದ್ದೂ, "ಬಂದಾನ! ಸೂರ್ಯಪ್ಪ ಬಂದಾನ!" ಎಂದು ಕೂಗಿಬಿಟ್ಟೆ.

ಗಂಟೆ ಬಾರಿಸಿದರು. ಹೆಂಗಸರು ಜೋಗುಳ ಹಾಡುತ್ತ ತೊಟ್ಟಿಲು ತೂಗಿದರು. ಪಾನಕದ ತಂಬಿಗೆ ಹಿಡಿದು ಅಂಗಳಕ್ಕೆ ಬಂದ ಅಕ್ಕ ಮುಗಿಲು ನೋಡಿ ನಿಂತುಬಿಟ್ಟಳು.

"ಅಪ್ಪಾ, ಹುಣ್ಣಿಮಿ ಚಂದ್ರಾಮ ಇನ್ನಾ ಮ್ಯಾಲೇ ಅದಾನಲ್ಲ! ಅಂವ ಮುಳುಗೂದ್ರಾಗ ಸೂರ್ಯ ಹ್ಯಾಂಗ ಬಂದ?"

ಜೋಗುಳ ನಿಂತಿತು. ಎಲ್ಲರ ಮುಖ ಮಾಳಿಗೆಯತ್ತ ತಿರುಗಿತು. ನಾನು ಇಳಿದು ಬಂದು, ಭಟ್ಟಿಯ ಬೆಂಕಿ ನೋಡಿ ಕೂಗಿದೆ ಎಂದು ಒಪ್ಪಿಕೊಂಡೆ. ಇನ್ನು ನನ್ನ ಮಾತನ್ನು ಯಾರೂ ನಂಬುವುದಿಲ್ಲ, ಬೇರೆಯವರನ್ನು ಹತ್ತಿಸುತ್ತಾರೆ ಎಂದು ಅಳು ಒತ್ತಿ ಬಂತು.

"ಸೂರ್ಯನ್ನ ಹಣ್ಣಂತ ತಿಳಿದು ಹಾರಿದಾವನ ಹಬ್ಬ ಇದು. ಈಕಿ ಭಟ್ಟೀನ ಸೂರ್ಯ ಅಂದಾಳ, ಇರ್ಲಿ ಬಿಡ್ರಿ," ಎಂದು ಪೂಜಾರಿ ಅಜ್ಜ ನಕ್ಕ.

ಅಪ್ಪ ನಗಲಿಲ್ಲ. ನನ್ನ ತಲೆಯ ಮೇಲೆ ಕೈಯಿಟ್ಟು, "ಹತ್ತವಾ ಇನ್ನೊಮ್ಮೆ. ಈ ಸಲ ಕಣ್ಲೆ ನೋಡು, ಹೊಟ್ಟಿಲೆ ನೋಡಬ್ಯಾಡ," ಎಂದ.

ಇರುವೆ ಕಚ್ಚಿದರೂ ಈ ಸಲ ಅಲುಗಲಿಲ್ಲ. ಸೂರ್ಯನ ಅಂಚು ಕಂಡಿತು, ಕೂಗಲಿಲ್ಲ. ಅರ್ಧ ಕಂಡಿತು, ಆಗಲೂ ಇಲ್ಲ. "ಬಿಸ್ಲು ಬೀಳಾಕತ್ತೈತಿ, ಕೂಗಬೇ!" ಎಂದು ಅಕ್ಕ ಚೀರಿದಳು. ಇಡೀ ಸೂರ್ಯ ನೆಲ ಬಿಟ್ಟು ಎದ್ದ ಮೇಲೆಯೇ ಬಾಯಿ ತೆರೆದೆ. ಹೀಗೆ ಆ ವರ್ಷ ನಮ್ಮ ಹನುಮಪ್ಪ ಒಮ್ಮೆ ಬೇಗ, ಒಮ್ಮೆ ತಡವಾಗಿ ಹುಟ್ಟಿದ.

ಈಗ ಸೂರ್ಯ ಎಷ್ಟು ನಿಮಿಷಕ್ಕೆ ಹುಟ್ಟುತ್ತಾನೆಂದು ನಿಮ್ಮ ಮೊಬೈಲೇ ಹೇಳುತ್ತದೆ. ಅದು ತಪ್ಪುವುದಿಲ್ಲ, ಅದಕ್ಕೆ ಹಸಿವೆಯಿಲ್ಲವಲ್ಲ! ಗುಡಿಯ ಮಾಳಿಗೆಗೂ ಈಗ ಯಾರೂ ಹತ್ತುವುದಿಲ್ಲ. ಒಳ್ಳೆಯದೇ. ಆದರೆ ಮಕ್ಕಳೇ, ನಾನು ತಪ್ಪಿದ ಮೇಲೂ ಓಣಿಗೆ ಓಣಿಯೇ ಉಪವಾಸ ಕೂತು ನನ್ನೊಬ್ಬಳ ಮಾತಿಗೆ ಕಾದಿತ್ತು. ಅಂಥದ್ದೊಂದು ಬೆಳಗು ನಿಮಗೂ ಸಿಗಲಿ ಎಂದು ನನ್ನ ಜೀವ ಚಡಪಡಿಸುತ್ತದೆ.